ಶಾಲೆಗೆ ಹೋಗೋ ಮಷಿನ್‌ಗೆ ಪಾಸ್ ಹಾಕೋದು: ನಮ್ಮ ವರ್ಕ್‌ಶಾಪಿನ ಈ ಸಲದ ಲಾಟ್

ದಾನವಾಗಿ ಬಂದ ಹಳೇ ಕಂಪ್ಯೂಟರ್ ರಿಪೇರಿ ಮಾಡಿ ಸರ್ಕಾರಿ ಹೈಸ್ಕೂಲಿಗೆ ಕೊಡೋ ಕೆಲಸ ನಮ್ದು. ಈ ಸಲದ ಲಾಟ್ ದೊಡ್ಡದು. ಒಂದು ಆಫೀಸಿಂದ 40ರ ಮೇಲೆ ಡೆಸ್ಕ್‌ಟಾಪು ಒಟ್ಟಿಗೇ ಬಂದ್ವು, ಅದರ ಜೊತೆ ಇನ್ನೆರಡು ಕಡೆಯಿಂದ ಚಿಲ್ರೆ ಚಿಲ್ರೆಯಾಗಿ ಅಸೆಂಬಲ್ಡ್ ಮಷಿನು, ಮಾನಿಟರು, ಒಂದು ಗೋಣಿಚೀಲದ ತುಂಬ ಕೀಬೋರ್ಡು ಮೌಸು. ಆಫೀಸಿನ ಮಷಿನ್‌ಗಳು ಕೆಟ್ಟೋಗಿ ಬಂದಿದ್ದಲ್ಲ. ವಿಂಡೋಸ್ 10ಕ್ಕೆ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಹಾಕ್ಬೇಕು ಅಂದ್ರೆ ಇಂಟೆಲ್‌ನಲ್ಲಿ ಹೆಚ್ಚೂಕಮ್ಮಿ 8ನೇ ಜನರೇಷನ್ನಿಂದ ಈಚೆಗಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಚಿಪ್ ಬೇಕು, ಹಂಗಾಗಿ 6ನೇ 7ನೇ ಜನರೇಷನ್ ಐ5 ಮಷಿನ್‌ಗಳು, 8 ಜಿಬಿ ಡಿಡಿಆರ್4 ರ‍್ಯಾಮ್ ಇರೋವು, ಧೂಳು ಬಿಟ್ರೆ ಇನ್ನೇನೂ ಆಗದೇ ಇರೋವು, ಆಫೀಸುಗಳಿಂದ ಸಾಲುಸಾಲಾಗಿ ಹೊರಗೆ ಬೀಳ್ತಿವೆ. ಹೈಸ್ಕೂಲ್ ಲ್ಯಾಬಿಗೆ ಇದಕ್ಕಿಂತ ಒಳ್ಳೇ ಮಷಿನ್ ಬೇಕಾಗಿಲ್ಲ. ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಅನ್ನೋ ಹಗುರವಾದ ಉಚಿತ ಓಎಸ್ ಹಾಕಿದ್ರೆ ಓಡುತ್ತೆ, ಮಿಂಟ್ 22ಕ್ಕೆ 2029ರ ತನಕ ಅಪ್‌ಡೇಟ್ ಬರುತ್ತೆ.

ನಾವು ಕೆಲಸ ಮಾಡೋ ಜಾಗ ಬೆಂಗಳೂರಿನ ಚಾಮರಾಜಪೇಟೆ ಕಡೆ ಒಂದು ಹಳೇ ಪ್ರಿಂಟಿಂಗ್ ಪ್ರೆಸ್ಸು. ಮಷಿನ್ ಎಲ್ಲಾ ಮಾರಿ ಆಗಿದೆ, ಉದ್ದುದ್ದ ಮರದ ಟೇಬಲ್ ಮಾತ್ರ ಹಂಗೇ ಬಿಟ್ಟಿದಾರೆ, ಅದೇ ನಮ್ಗೆ ಬೆಂಚು. ಎಸ್.ಪಿ. ರೋಡು ಹತ್ರ ಇರೋದ್ರಿಂದ ಪಾರ್ಟ್ಸಿಗೆ ಓಡಾಟ ಕಮ್ಮಿ. ಬರೋರು ಎಲ್ಲಾ ತರದವರೂ ಇದಾರೆ, ಡಿಪ್ಲೊಮಾ ಹುಡುಗ್ರು, ಶನಿವಾರ ರಜಾ ಇರೋ ಸಾಫ್ಟ್‌ವೇರ್ ಕಂಪನಿಯವ್ರು, ಒಬ್ರು ಎಲೆಕ್ಟ್ರಿಕಲ್ ಕೆಲಸದಿಂದ ರಿಟೈರ್ ಆದ ಯಜಮಾನ್ರು, ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬರೋ ಇಬ್ರು ಅಮ್ಮಂದಿರು, ಪಿಯುಸಿ ಓದ್ತಿರೋ ಒಬ್ಳು ಹುಡುಗಿ. ಇವರನ್ನೆಲ್ಲಾ ನೋಡ್ಕೊಳ್ಳೋದು ನನ್ನ ಕೆಲಸ. ನಾನು ಸಾಧ್ಯವಾದಷ್ಟೂ ಸ್ಕ್ರೂಡ್ರೈವರ್ ಮುಟ್ಟಲ್ಲ, ಯಾಕಂದ್ರೆ ನಾನು ಕೈ ಹಾಕಿದ ತಕ್ಷಣ ಪಕ್ಕದಲ್ಲಿರೋರು ಕೈ ಕಟ್ಕೊಂಡು ನೋಡೋಕೆ ಶುರು ಮಾಡ್ತಾರೆ, ಆಮೇಲೆ ಪ್ರತಿಯೊಂದಕ್ಕೂ "ಸರ್ ಬನ್ನಿ" ಅಂತ ಕರೀತಾರೆ, ಆ ಮಷಿನ್ ಒಂದು ರೆಡಿ ಆಗುತ್ತೆ ಆದ್ರೆ ಮನುಷ್ಯ ರೆಡಿ ಆಗಲ್ಲ.

ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ, ಉಳಿದಿದ್ದೆಲ್ಲಾ ಅದರ ಮೇಲೇ ನಿಂತಿರೋದು. ಇಲ್ಲಿಂದ ಹೋಗೋ ಮಷಿನ್‌ಗಳು ಹೋಗೋದು ತಾಲೂಕಿನ ಒಳಗಿರೋ ಸರ್ಕಾರಿ ಹೈಸ್ಕೂಲಿಗೆ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡೋರು ಯಾರೂ ಇರಲ್ಲ. ಹೋದ ಮೂರನೇ ವಾರಕ್ಕೆ ಒಂದು ಮಷಿನ್ ಆನ್ ಆಗ್ಲಿಲ್ಲ ಅಂದ್ರೆ ಅದು ಮೂಲೆಗೆ ಹೋಗುತ್ತೆ, ಅದ್ರ ಮೇಲೆ ಚಾರ್ಟ್ ಪೇಪರ್ ರೋಲ್ ಕೂರುತ್ತೆ, ಮತ್ತೆ ಯಾರೂ ಎತ್ತಲ್ಲ. ಎರಡು ಮೂರು ಹಂಗಾದ್ರೆ ಮೇಷ್ಟ್ರಿಗೆ ಲ್ಯಾಬ್ ಮೇಲಿನ ನಂಬಿಕೆನೇ ಹೋಗುತ್ತೆ, ರೂಮಿಗೆ ಬೀಗ ಬೀಳುತ್ತೆ. ಹಂಗಾಗಿ ನಮ್ಮಲ್ಲಿ ಎಷ್ಟು ಮಷಿನ್ ರಿಪೇರಿ ಆಯ್ತು ಅನ್ನೋ ಲೆಕ್ಕಕ್ಕಿಂತ ಎಷ್ಟನ್ನ ಧೈರ್ಯವಾಗಿ ಬೇಡ ಅಂದ್ವಿ ಅನ್ನೋದು ಮುಖ್ಯ. ದಾನದ ಹೆಸರಲ್ಲಿ ಗುಜರಿ ಕಳಿಸೋದು ಮಕ್ಕಳಿಗೆ ಮಾಡೋ ಅವಮಾನ. ಅನುಮಾನ ಇದ್ರೆ ಅದು ಪಾರ್ಟ್ಸ್ ಆಗ್ಬೇಕು.

ಲಾಟ್ ಬಂದ ದಿನ ಯಾವುದನ್ನೂ ಆನ್ ಮಾಡೋಕೆ ಬಿಡಲ್ಲ. ಹೊಸಬರಿಗೆ ಇದು ಕಷ್ಟ, ಡಬ್ಬ ಕಂಡ ತಕ್ಷಣ ಪವರ್ ಕೇಬಲ್ ಚುಚ್ಚೋಕೆ ಕೈ ಹೋಗುತ್ತೆ. ಮೊದ್ಲು ಸೈಡ್ ಕವರ್ ತೆಗೆದು ಟಾರ್ಚ್ ಬಿಟ್ಟು ನೋಡ್ಬೇಕು, ಒಳಗೆ ಸ್ಕ್ರೂ ಬಿದ್ದಿದ್ಯಾ, ಇಲಿ ವೈರ್ ಕಡಿದಿದ್ಯಾ, ಹಲ್ಲಿ ಸತ್ತಿದ್ಯಾ, ಬೋರ್ಡ್ ಮೇಲಿನ ಕೆಪಾಸಿಟರ್ ತಲೆ ಉಬ್ಬಿದ್ಯಾ. ಹಲ್ಲಿ ಅಂದ್ರೆ ನಗಬೇಡಿ, ಅಸೆಂಬಲ್ಡ್ ಕ್ಯಾಬಿನೆಟ್‌ಗಳಲ್ಲಿ ಹಿಂದಿನ ಸ್ಲಾಟ್ ಕವರ್ ಕಿತ್ತೋಗಿರುತ್ತೆ, ಅಲ್ಲಿಂದ ನುಗ್ಗುತ್ತೆ, ಸತ್ತಿದ್ದು ಬೋರ್ಡಿಗೆ ಅಂಟ್ಕೊಂಡಿದ್ರೆ ಅಲ್ಲಿ ಟ್ರ್ಯಾಕ್ ಕೊರೆದುಹೋಗುತ್ತೆ. ಆಮೇಲೆ ಸಾರ್ಟಿಂಗ್. 4ನೇ ಜನರೇಷನ್ ಮತ್ತು ಅದಕ್ಕಿಂತ ಹೊಸದು ಒಂದು ಕಡೆ, 2ನೇ 3ನೇ ಜನರೇಷನ್ನು ಇನ್ನೊಂದು ಕಡೆ, ಕೋರ್ 2 ಡ್ಯುಯೊ ಮತ್ತು ಹಿಂದಿನವು ಸೀದಾ ಪಾರ್ಟ್ಸಿಗೆ. ಈ ಕೊನೇ ಗುಂಪಿನ ವಿಷಯಕ್ಕೆ ಪ್ರತಿ ಸಲ ಜಗಳ ಆಗುತ್ತೆ. ಒಬ್ಬ ಹುಡುಗ ಡಿಡಿಆರ್2 ರ‍್ಯಾಮಿನ ಒಂದು ಮಷಿನ್‌ನ ಹಿಡ್ಕೊಂಡು, ಸರ್ ಇದು ಬೂಟ್ ಆಗ್ತಿದೆ, ಇದನ್ನೂ ಕೊಡೋಣ, ಪಾಪ ಅಂದ. ನಾನು ಬೈಲಿಲ್ಲ. ಆಯ್ತಪ್ಪ, ಬ್ರೌಸರ್ ತೆಗೆದು ಒಂದು ಪಾಠದ ವಿಡಿಯೋ ಹಾಕಿ ಪೂರ್ತಿ ನೋಡು, ಆಮೇಲೆ ನೀನೇ ಹೇಳು ಅಂದೆ. ಅವನೇ ಸ್ವಲ್ಪ ಹೊತ್ತಿಗೆ ಎದ್ದು ಪಾರ್ಟ್ಸ್ ಟೇಬಲ್ಲಿಗೆ ತಗೊಂಡು ಹೋದ. ಅದರ ಕೇಬಲ್ಲು, ಫ್ಯಾನು, ಸ್ಕ್ರೂ, ಪವರ್ ಬಟನ್ ಎಲ್ಲಾ ಬೇರೆ ಮಷಿನ್‌ಗಳಿಗೆ ಬಂತು.

ಪ್ರತಿ ಮಷಿನ್‌ಗೂ ಒಂದು ಕಾರ್ಡು. ಪ್ರೆಸ್ಸಲ್ಲಿ ಬಿಟ್ಟುಹೋಗಿರೋ ದಪ್ಪ ರಟ್ಟಿನ ತುಂಡುಗಳು ಬೇಕಾದಷ್ಟಿವೆ, ತೂತು ಮಾಡಿ ದಾರ ಹಾಕಿ ಕ್ಯಾಬಿನೆಟ್ಟಿಗೇ ಕಟ್ತೀವಿ. ಸೀರಿಯಲ್ ನಂಬರು, ಬಂದಾಗ ಹೆಂಗಿತ್ತು, ಏನು ನೋಡಿದ್ರಿ, ಏನು ಬದಲಾಯಿಸಿದ್ರಿ, ಕೊನೇಲಿ ಯಾರು ಟೆಸ್ಟ್ ಮಾಡಿದ್ರು. ಸ್ಪ್ರೆಡ್‌ಶೀಟ್ ಮಾಡೋಣ ಸರ್ ಅಂತ ಸಾಫ್ಟ್‌ವೇರಿನವ್ರು ಎಲ್ರೂ ಹೇಳ್ತಾರೆ, ಶೀಟೂ ಇದೆ, ಆದ್ರೆ ಮಷಿನ್ ಒಂದು ಟೇಬಲ್ಲಿಂದ ಇನ್ನೊಂದಕ್ಕೆ ಹೋದಾಗ ಜೊತೇಲಿ ಹೋಗೋದು ಕಾರ್ಡ್ ಮಾತ್ರ. ಕಾರ್ಡ್ ಇಲ್ಲದ ಮಷಿನ್ ನಮ್ಮಲ್ಲಿ ಇಲ್ಲದ ಮಷಿನ್ ಅಂತಲೇ ಲೆಕ್ಕ. ಕಾರ್ಡಲ್ಲಿ "ಸರಿ ಇದೆ" ಅಂತ ಬರೆಯೋ ಹಾಗಿಲ್ಲ. ಏನು ಸರಿ ಇದೆ? "ರ‍್ಯಾಮ್ ಟೆಸ್ಟ್ ಎರಡು ಸುತ್ತು ಎರರ್ ಇಲ್ಲ" ಅಂತ ಬರೀಬೇಕು, "ಹಿಂದಿನ ಯುಎಸ್‌ಬಿ ನಾಲ್ಕೂ ಪೆನ್‌ಡ್ರೈವ್ ಹಾಕಿ ನೋಡಿದೆ" ಅಂತ ಬರೀಬೇಕು. ಇನ್ನೊಂದು ರೂಲು, ರಿಪೇರಿ ಮಾಡಿದವರೇ ಪಾಸ್ ಹಾಕೋ ಹಾಗಿಲ್ಲ, ಅಂದ್ರೆ ಶಾಲೆಗೆ ಹೋಗಬಹುದು ಅಂತ ಒಪ್ಪಿಗೆ ಕೊಡೋ ಹಾಗಿಲ್ಲ, ಬೇರೆಯವರು ಮೊದಲಿಂದ ನೋಡಿ ಹಾಕ್ಬೇಕು. ಯಾರ ಮೇಲೂ ಅಪನಂಬಿಕೆ ಇಲ್ಲ, ಆದ್ರೆ ಎರಡು ಗಂಟೆ ಒದ್ದಾಡಿ ಒಂದು ಮಷಿನ್ ಎಬ್ಬಿಸಿದವರಿಗೆ ಅದು ಗೆದ್ದು ಬಿಟ್ಟಿದೆ ಅಂತ ಕಾಣೋದು ಸಹಜ, ಕಣ್ಣು ತಪ್ಪು ಹುಡುಕಲ್ಲ.

ಡಿಸ್ಕ್ ಅಳಿಸೋ ಕೆಲಸ ನಮ್ಮಲ್ಲಿ ಎಲ್ಲಕ್ಕಿಂತ ಬಿಗಿ. ಕೊಟ್ಟವರು ನಮ್ಮನ್ನ ನಂಬಿ ಕೊಟ್ಟಿರ್ತಾರೆ, ಒಳಗೆ ಸಂಬಳದ ಪಟ್ಟಿ ಇರುತ್ತೆ, ಆಧಾರ್ ಸ್ಕ್ಯಾನ್ ಇರುತ್ತೆ, ಮನೆಯಿಂದ ಬಂದ ಮಷಿನ್ ಆದ್ರೆ ಮಕ್ಕಳ ಫೋಟೋ ಇರುತ್ತೆ. ಒಳಗೇನಿದೆ ಅಂತ ನೋಡೋ ಹಾಗಿಲ್ಲ. ಡಿಸ್ಕಿನಲ್ಲಿರೋ ಸಿಸ್ಟಮ್ಮನ್ನ ಬೂಟೇ ಮಾಡಲ್ಲ, ಪೆನ್‌ಡ್ರೈವಿಂದ ವೈಪ್ ಮಾಡೋ ಟೂಲ್ ಬೂಟ್ ಮಾಡ್ತೀವಿ. ಈ ರೂಲ್ ಹೊಸಬರಿಗೆ ಮೊದಲನೇ ದಿನವೇ ಹೇಳ್ತೀನಿ, ಇದರಲ್ಲಿ ಎರಡನೇ ಚಾನ್ಸ್ ಇಲ್ಲ ಅಂತಲೂ ಹೇಳ್ತೀನಿ. ಹಾರ್ಡ್ ಡಿಸ್ಕ್ ಆದ್ರೆ ಪೂರ್ತಿ ಒಂದು ಸಲ ಸೊನ್ನೆ ಬರೆದು ವೆರಿಫೈ, 500 ಜಿಬಿ ಡಿಸ್ಕು ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ ಬರೆಯೋಕೇ ಹತ್ತತ್ರ ಒಂದೂವರೆ ಗಂಟೆ ತಗೊಳ್ಳುತ್ತೆ, ವೆರಿಫೈಗೆ ಮತ್ತೆ ಅಷ್ಟೇ. ಎಸ್‌ಎಸ್‌ಡಿಗೆ ಅಂದ್ರೆ ತಿರುಗೋ ಪ್ಲೇಟ್ ಇಲ್ಲದ ಡ್ರೈವಿಗೆ ಈ ದಾರಿ ಸಾಲ್ದು, ಅದರೊಳಗೆ ಕಂಟ್ರೋಲರ್ ತನಗೆ ಅಂತ ಇಟ್ಕೊಂಡಿರೋ ಜಾಗಕ್ಕೆ ನಾವು ಬರೆದಿದ್ದು ಹೋಗಲ್ಲ, ಹಂಗಾಗಿ ಡ್ರೈವಿಗೇ ಸೆಕ್ಯೂರ್ ಇರೇಸ್ ಕಮ್ಯಾಂಡ್ ಕೊಡ್ಬೇಕು. ಅದು ಸುಮಾರು ಮಷಿನ್‌ಗಳಲ್ಲಿ "ಫ್ರೋಜನ್" ಅಂತ ತೋರಿಸಿ ಒಪ್ಪಲ್ಲ, ಬಯೋಸ್, ಅಂದ್ರೆ ಆನ್ ಮಾಡಿದ ತಕ್ಷಣ ಮೊದ್ಲು ಓಡೋ ಬೋರ್ಡಿನ ಸಾಫ್ಟ್‌ವೇರು, ಬೂಟ್ ಆಗೋವಾಗ ಡ್ರೈವನ್ನ ಲಾಕ್ ಮಾಡಿರುತ್ತೆ. ಸಿಸ್ಟಮ್‌ನ ಒಂದ್ಸಲ ಸ್ಲೀಪಿಗೆ ಹಾಕಿ ಎಬ್ಬಿಸಿದ್ರೆ ಹೆಚ್ಚಿನವು ಬಿಡ್ತವೆ. ಪಿಯುಸಿ ಹುಡುಗಿಗೆ ಇದನ್ನ ಒಂದ್ಸಲ ತೋರಿಸಿದ್ದೆ ಅಷ್ಟೇ, ಈಗ ವೈಪ್ ಟೇಬಲ್ ಪೂರ್ತಿ ಅವಳದೇ, ಕಂಪನಿಯಲ್ಲಿ ಹತ್ತು ವರ್ಷ ಕೆಲಸ ಮಾಡಿದವ್ರೂ ಅವಳನ್ನ ಕೇಳ್ಕೊಂಡೇ ಡಿಸ್ಕ್ ತಗೊಳ್ಳೋದು.

ವೈಪ್ ಆದ್ಮೇಲೆ ಸ್ಮಾರ್ಟ್ ರಿಪೋರ್ಟ್, ಅಂದ್ರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಕೊಂಡಿರೋ ಲೆಕ್ಕ. ಓದೋಕೆ ಆಗದೇ ನಿಂತಿರೋ ಪೆಂಡಿಂಗ್ ಸೆಕ್ಟರ್ ಒಂದು ಇದ್ರೂ ಆ ಡಿಸ್ಕ್ ಶಾಲೆಗೆ ಹೋಗಲ್ಲ, ಕೆಟ್ಟಿದ್ದಕ್ಕೆ ಬದಲಿ ಜಾಗ ಕೊಟ್ಟಿರೋ ರೀಅಲೊಕೇಟೆಡ್ ಸೆಕ್ಟರ್ ಇದ್ರೂ ಅಷ್ಟೇ. ಅಳಿಸೋಕೇ ಆಗದ ಡಿಸ್ಕಿಗೆ ಡ್ರಿಲ್ಲಿಂಗ್ ಮಷಿನ್ನು, ಪ್ಲೇಟ್ ದಾಟಿ ತೂತು ಬೀಳ್ಬೇಕು. ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕುಗಳಲ್ಲಿ ಪ್ಲೇಟ್ ಗಾಜಿಂದು ಇರೋದುಂಟು, ಚೂರುಚೂರಾಗಿ ಒಡೆಯುತ್ತೆ, ಕನ್ನಡಕ ಹಾಕದೇ ಡ್ರಿಲ್ ಮುಟ್ಟೋ ಹಾಗಿಲ್ಲ. ಕೊಟ್ಟವರಿಗೆ ಸೀರಿಯಲ್ ನಂಬರ್ ಸಮೇತ ಯಾವ ಡಿಸ್ಕ್ ಏನಾಯ್ತು ಅಂತ ಪಟ್ಟಿ ಕಳಿಸ್ತೀವಿ.

ಕ್ಲೀನಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬ್ಲೋವರ್ ಹೊರಗಡೆ ಅಂಗಳದಲ್ಲಿ, ಮೂಗಿಗೆ ಮಾಸ್ಕು, ಫ್ಯಾನಿನ ರೆಕ್ಕೆನ ಬೆರಳಲ್ಲಿ ಹಿಡ್ಕೊಂಡು ಊದ್ಬೇಕು, ಇಲ್ದಿದ್ರೆ ಗಾಳಿಗೆ ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಹಾಳಾಗುತ್ತೆ. ಥರ್ಮಲ್ ಪೇಸ್ಟ್ ಹಳೇದನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಹೊಸದು ಹಾಕೋದು, ಹುಡುಗ್ರು ಬ್ರೆಡ್ಡಿಗೆ ಜಾಮ್ ಸವರಿದ ಹಾಗೆ ಸವರ್ತಾರೆ, ನಡುವೆ ಒಂದು ಸಣ್ಣ ಚುಕ್ಕೆ ಸಾಕು, ಹೀಟ್‌ಸಿಂಕ್ ಒತ್ತಿದಾಗ ಅದೇ ಹರಡುತ್ತೆ. ಎಸ್‌ಎಂಪಿಎಸ್ ಅನ್ನೋ ಪವರ್ ಸಪ್ಲೈ ಡಬ್ಬ ಮಾತ್ರ ಯಾರೂ ಬಿಚ್ಚೋ ಹಾಗಿಲ್ಲ, ಹೊರಗಿಂದಲೇ ಊದೋದು. 230 ವೋಲ್ಟ್ ಎಸಿ ಒಳಗೆ ರೆಕ್ಟಿಫೈ ಆದ್ರೆ 325 ವೋಲ್ಟ್ ಡಿಸಿ ಆಗುತ್ತೆ, ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಲ್ಲಿ ಚಾರ್ಜ್ ಉಳಿದಿರಬಹುದು. ಇದು ಕಲಿಯೋರ ಕೈ ಹಾಕೋ ಜಾಗ ಅಲ್ಲ.

ಈಗ ಈ ಲಾಟಲ್ಲಿ ಎಲ್ಲರ ತಲೆ ತಿಂದ ಒಂದು ಮಷಿನ್ ಬಗ್ಗೆ. ಅಸೆಂಬಲ್ಡ್ ಕ್ಯಾಬಿನೆಟ್ಟು, 4ನೇ ಜನರೇಷನ್ ಐ3, 4 ಜಿಬಿ ಡಿಡಿಆರ್3. ನೋಡೋಕೆ ನೀಟಾಗಿತ್ತು, ಬೂಟ್ ಆಯ್ತು, ಇನ್‌ಸ್ಟಾಲ್ ಆಯ್ತು, ಕಾರ್ಡ್ ತುಂಬ ಟಿಕ್ ಬಿತ್ತು. ಪಾಸ್ ಹಾಕೋಕೆ ಕೂತ ಮೇಡಂ ವಿಡಿಯೋ ಹಾಕಿ, ಜೊತೆಗೆ ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡೋ ಲೋಡ್ ಟೆಸ್ಟ್ ಓಡಿಸಿ ಬಿಟ್ಟಿದ್ರು, ಒಂದಷ್ಟು ಹೊತ್ತಿಗೆ ಸ್ಕ್ರೀನ್ ಹಂಗೇ ನಿಂತೋಯ್ತು. ಮೌಸ್ ಅಲ್ಲಾಡಲ್ಲ, ಕೀಬೋರ್ಡಿನ ನಮ್‌ಲಾಕ್ ಲೈಟ್ ಒತ್ತಿದ್ರೆ ಬದಲಾಗಲ್ಲ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಆನ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಬರುತ್ತೆ. ಸಿಸ್ಟಮ್ ಲಾಗಲ್ಲಿ ಒಂದು ಸಾಲೂ ಇಲ್ಲ, ಮಾತಾಡ್ತಾ ಮಾತಾಡ್ತಾ ಕತ್ತರಿಸಿದ ಹಾಗೆ ನಿಂತಿದೆ.

ಮೂರು ಜನ ಸುತ್ತ ಸೇರಿದ್ರು. ಒಬ್ಬ ರ‍್ಯಾಮ್ ಕಿತ್ತ, ಇನ್ನೊಬ್ಬ ಅದೇ ಹೊತ್ತಿಗೆ ಬೇರೆ ಎಸ್‌ಎಸ್‌ಡಿ ಹಾಕೋಕೆ ಹೊರಟ, ಮೂರನೆಯವನು ಸರ್ ಓಎಸ್ ಬೇರೆ ಹಾಕಿ ನೋಡೋಣ ಅಂದ. ನಾನು ನಿಲ್ಲಿಸಿದ್ದು ಇಲ್ಲೇ. ಮೂರೂ ಒಟ್ಟಿಗೆ ಬದಲಾಯಿಸಿ ಸರಿಹೋದ್ರೆ ಏನು ಕೆಟ್ಟಿತ್ತು ಅಂತ ಯಾರಿಗೂ ಗೊತ್ತಾಗಲ್ಲ, ಕೆಟ್ಟಿದ್ದು ಪಾರ್ಟ್ಸ್ ಬಾಕ್ಸಿಗೆ ಹೋಗಿ ಇನ್ನೊಂದು ಮಷಿನ್ ಒಳಗೆ ಕೂರುತ್ತೆ. ಒಂದು ಬದಲಾವಣೆ, ಒಂದು ಟೆಸ್ಟು, ಕಾರ್ಡಲ್ಲಿ ಒಂದು ಸಾಲು. ನಾನು ಕೇಳಿದ್ದು ಎರಡೇ ಪ್ರಶ್ನೆ, ಇದು ಯಾವಾಗ ನಿಲ್ಲುತ್ತೆ, ಯಾವಾಗ ನಿಲ್ಲಲ್ಲ?

ಅಲ್ಲಿಂದ ಕೆಲಸ ದಾರಿಗೆ ಬಂತು. ಸುಮ್ನೆ ಡೆಸ್ಕ್‌ಟಾಪ್ ತೆಗೆದು ಬಿಟ್ರೆ ಗಂಟೆಗಟ್ಟಲೆ ಇರುತ್ತೆ. ಮೆಮ್‌ಟೆಸ್ಟ್ ರಾತ್ರಿಯೆಲ್ಲಾ ಓಡ್ತು, ಎರರ್ ಇಲ್ಲ, ಅಂದ್ರೆ ರ‍್ಯಾಮ್ ಬಿಟ್ಟಾಕಿ. ಲೋಡ್ ಕೊಟ್ರೆ ಮಾತ್ರ ನಿಲ್ಲುತ್ತೆ. ಲೋಡ್ ಅಂದ ತಕ್ಷಣ ಎಲ್ರೂ ಬಿಸಿ ಬಿಸಿ ಅಂದ್ರು, ಟೆಂಪರೇಚರ್ ನೋಡಿದ್ರೆ 65 ಡಿಗ್ರಿ ದಾಟ್ತಿಲ್ಲ, ಪೇಸ್ಟ್ ಹೊಸದು, ಫ್ಯಾನ್ ಸರಿ ಇದೆ. ಡಿಸ್ಕ್ ಇಲ್ದೇ ಪೆನ್‌ಡ್ರೈವಿಂದ ಬೂಟ್ ಮಾಡಿ ಲೋಡ್ ಕೊಟ್ರೂ ನಿಂತಿತು, ಹಂಗಾಗಿ ಎಸ್‌ಎಸ್‌ಡಿ ಅಲ್ಲ, ಇನ್‌ಸ್ಟಾಲ್ ಆಗಿರೋ ಓಎಸ್ಸೂ ಅಲ್ಲ. ಇಷ್ಟನ್ನ ಅವರೇ ಕಾರ್ಡಲ್ಲಿ ಒಂದರ ಕೆಳಗೊಂದು ಬರೆದಿದ್ರು, ಆ ಪಟ್ಟಿ ಓದಿದ್ರೆ ಉಳಿದಿದ್ದು ಬೋರ್ಡು ಇಲ್ಲಾ ಪವರ್ರು.

ಯಜಮಾನ್ರು ಅಲ್ಲಿ ತನಕ ದೂರದಲ್ಲಿ ಕೂತು ಪವರ್ ಕೇಬಲ್‌ಗಳು ಒಳಗೆ ತುಂಡಾಗಿಲ್ವಾ ಅಂತ ಮೀಟರಲ್ಲಿ ನೋಡಿ ಕಟ್ಟು ಕಟ್ತಾ ಇದ್ರು. ಅವರನ್ನ ಕರೆದೆ. ಮಲ್ಟಿಮೀಟರ್ ತಂದು 20 ವೋಲ್ಟ್ ಡಿಸಿ ರೇಂಜಿಗಿಟ್ಟು, ಖಾಲಿ ಇದ್ದ ಮೋಲೆಕ್ಸ್ ಕನೆಕ್ಟರಲ್ಲಿ ಕಪ್ಪು ವೈರಿಗೆ ಒಂದು ಪ್ರೋಬು, 12 ವೋಲ್ಟಿನ ಹಳದಿಗೆ ಇನ್ನೊಂದು. ಸುಮ್ನೆ ಇದ್ದಾಗ 11.8 ತೋರಿಸ್ತು. "ಏನಮ್ಮ, ಈಗ ಓಡ್ಸು" ಅಂದ್ರು. ಹುಡುಗಿ ಲೋಡ್ ಟೆಸ್ಟ್ ಒತ್ತಿದಳು. 11.5 ಆಯ್ತು, 11.4 ಆಯ್ತು, ಎಸ್‌ಎಂಪಿಎಸ್ ಬಿಸಿಯಾಗ್ತಾ ಆಗ್ತಾ ಮೆಲ್ಲಗೆ ಇಳೀತಾನೇ ಇತ್ತು, 11.1 ಹತ್ರ ಬಂದು ಸ್ಕ್ರೀನ್ ನಿಂತಿತು. ಡೆಸ್ಕ್‌ಟಾಪ್ ಪವರ್ ಸಪ್ಲೈಗಿರೋ ಎಟಿಎಕ್ಸ್ ಸ್ಟ್ಯಾಂಡರ್ಡ್ ಲೆಕ್ಕದಲ್ಲಿ 12 ವೋಲ್ಟ್ ಲೈನು ಶೇಕಡಾ 5ರಷ್ಟು ಆಚೀಚೆ ಆಗಬಹುದು, ಅಂದ್ರೆ 11.4ರಿಂದ 12.6ರ ಒಳಗೆ. ಅದಕ್ಕಿಂತ ಕೆಳಗೆ ಹೋದ್ರೆ ಪ್ರೊಸೆಸರಿಗೆ ಪವರ್ ಕೊಡೋ ಸರ್ಕ್ಯೂಟ್ ನಿಭಾಯಿಸುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಪಾರ್ಟ್ಸ್ ಗುಂಪಿಂದ ಬೇರೆ ಎಸ್‌ಎಂಪಿಎಸ್ ತಂದು, ಅದನ್ನೂ ಮೊದ್ಲು ಅಳೆದು ಹಾಕಿದ್ವಿ, ಲೋಡಲ್ಲಿ 12.05, ಅಲ್ಲಾಡ್ಲಿಲ್ಲ. ಹಳೇದರ ಮೇಲೆ ಕೆಂಪು ಮಾರ್ಕರಲ್ಲಿ ದೊಡ್ಡದಾಗಿ ಗುಣಾಕಾರದ ಗುರುತು ಹಾಕಿ, ಅದರ ವೈರನ್ನೂ ಕತ್ತರಿಸಿ ಗುಜರಿ ಡ್ರಮ್ಮಿಗೆ. ವೈರ್ ಕತ್ತರಿಸೋದು ಯಾಕೆ ಅಂದ್ರೆ, ಇನ್ಯಾರೋ ಒಳ್ಳೇ ಮನಸ್ಸಿಂದ ಅದನ್ನ ಎತ್ಕೊಂಡು ಬೇರೆ ಮಷಿನ್‌ಗೆ ಹಾಕಬಾರದು ಅಂತ.

ಅವತ್ತಿಂದ ಎಲ್ಲಾ ಅಸೆಂಬಲ್ಡ್ ಮಷಿನ್‌ಗಳ 12 ವೋಲ್ಟ್‌ನ ಲೋಡಲ್ಲಿ ಅಳೆಯೋದು ಕಾರ್ಡಲ್ಲಿ ಒಂದು ಸಾಲಾಗಿ ಸೇರ್ತು. ಸೇರಿಸಿದ್ದು ನಾನಲ್ಲ, ಅವರೇ. ಯಜಮಾನ್ರ ಪಕ್ಕ ಈಗ ಯಾವಾಗ್ಲೂ ಇಬ್ರು ಮೂರು ಹುಡುಗ್ರು ಇರ್ತಾರೆ. ನನಗೆ ಈ ಕೆಲಸದಲ್ಲಿ ತುಂಬಾ ಖುಷಿ ಕೊಡೋದು ಇದೇ, ಕೆಲಸ ಗೊತ್ತಿರೋರನ್ನ ಕಲಿಯೋ ಆಸೆ ಇರೋರ ಪಕ್ಕ ಕೂರಿಸೋದು.

ಆಫೀಸಿಂದ ಬಂದ ಬ್ರ್ಯಾಂಡೆಡ್ ಮಷಿನ್‌ಗಳ ಕಥೆ ಬೇರೆ. ಅವುಗಳಲ್ಲಿ ಸುಮಾರಿನವಕ್ಕೆ ಎಸ್‌ಎಂಪಿಎಸ್ ಕನೆಕ್ಟರೇ ಬೇರೆ ತರ, 24 ಪಿನ್ ಇರಲ್ಲ, ಮಾರ್ಕೆಟ್ಟಿನ ಮಾಮೂಲಿ ಎಸ್‌ಎಂಪಿಎಸ್ ಕೂರಲ್ಲ, ಹಂಗಾಗಿ ಒಂದೇ ಮಾಡೆಲ್ಲಿನ ಎರಡು ಮೂರನ್ನ ಬೇಕಂತಲೇ ಬಿಚ್ಚಿ ಸ್ಪೇರ್ ಇಟ್ಕೋತೀವಿ. ಒಂದು ಹತ್ತಕ್ಕೆ ಬಯೋಸ್ ಪಾಸ್‌ವರ್ಡ್ ಇತ್ತು, ಬೋರ್ಡ್ ಮೇಲಿನ ಪಾಸ್‌ವರ್ಡ್ ಜಂಪರ್ ತೆಗೆದು ಆನ್ ಮಾಡಿದ್ರೆ ಹೋಗುತ್ತೆ, ಆದ್ರೆ ಕೊಟ್ಟವರ ಐಟಿಯವರಿಗೆ ಫೋನ್ ಮಾಡಿ ಹೇಳಿಯೇ ತೆಗೆಸೋದು, ಅವರ ಲಿಸ್ಟಲ್ಲಿ ಇರೋ ಸೀರಿಯಲ್ ನಂಬರ್ರಾ ಅಂತ ತಾಳೆ ನೋಡಿ. ಕಂಪನಿ ಟ್ರ್ಯಾಕಿಂಗ್ ಸಾಫ್ಟ್‌ವೇರ್ ಬಯೋಸಲ್ಲೇ ಆನ್ ಆಗಿರೋದೂ ಉಂಟು, ಅದನ್ನ ಅವರ ಕಡೆಯಿಂದಲೇ ಬಿಡುಗಡೆ ಮಾಡಿಸಬೇಕು. ವಿಜಿಎ ಮಾನಿಟರು, ಡಿಸ್‌ಪ್ಲೇಪೋರ್ಟ್ ಮಷಿನು, ಈ ಗಂಟು ಬಿಡಿಸೋಕೆ ಅಡಾಪ್ಟರ್ ಬೇಕು, ಅಡಾಪ್ಟರ್ ಅನ್ನೋದು ಲ್ಯಾಬಲ್ಲಿ ಮೊದ್ಲು ಕಳೆದುಹೋಗೋ ವಸ್ತು, ಅದಕ್ಕೇ ಸಾಧ್ಯವಾದಷ್ಟೂ ವಿಜಿಎ ಇರೋ ಮಷಿನ್‌ಗೆ ವಿಜಿಎ ಮಾನಿಟರ್ ಜೋಡಿ ಮಾಡಿ ಕಾರ್ಡಲ್ಲಿ ಜೋಡಿ ನಂಬರ್ ಬರೀತೀವಿ.

ಸಿಆರ್2032 ಬ್ಯಾಟರಿ ಎಲ್ಲಕ್ಕೂ ಹೊಸದು, ಹಳೇದು ಅಳೆದು ನೋಡೋ ತಾಪತ್ರಯವೇ ಬೇಡ. ಇದು ಚಿಕ್ಕ ವಿಷಯ ಅನ್ಸುತ್ತೆ. ಆ ಬ್ಯಾಟರಿ ಸತ್ರೆ ಕರೆಂಟ್ ಹೋದ ಪ್ರತಿ ಸಲ ಡೇಟು ಎಷ್ಟೋ ವರ್ಷ ಹಿಂದೆ ಹೋಗುತ್ತೆ, ಬ್ರೌಸರಲ್ಲಿ ಯಾವ ಸೈಟ್ ತೆಗೆದ್ರೂ ಸುರಕ್ಷಿತ ಅಲ್ಲ ಅಂತ ಬರುತ್ತೆ, ಮೇಷ್ಟ್ರು ಇಂಟರ್ನೆಟ್ ಕೆಟ್ಟಿದೆ ಅಂದ್ಕೋತಾರೆ. ಬಯೋಸ್ ಸೆಟ್ಟಿಂಗ್ ಡಿಫಾಲ್ಟಿಗೆ ಹೋಗಿ ಬೂಟ್ ಮೋಡ್ ಬದಲಾದ್ರೆ ಮಷಿನ್ ಏಳೋದೇ ಇಲ್ಲ. ಒಂದು ಬ್ಯಾಟರಿಗೆ ಒಂದು ಲ್ಯಾಬ್ ಮುಚ್ಚಿದ್ದು ನೋಡಿದೀನಿ. ಇನ್ನೊಂದು ಸೆಟ್ಟಿಂಗು, ಕರೆಂಟ್ ವಾಪಸ್ ಬಂದಾಗ ತಾನಾಗೇ ಆನ್ ಆಗೋದನ್ನ ಆಫ್ ಮಾಡ್ಬೇಕು. ಹಳ್ಳಿ ಕಡೆ ಕರೆಂಟ್ ಬಂದು ಹೋಗಿ ಬಂದು ಹೋಗಿ ಆಮೇಲೆ ನಿಲ್ಲೋದು, ಆ ಹೊತ್ತಲ್ಲಿ ಮಷಿನ್ ಸುಮ್ನಿರೋದೇ ಕ್ಷೇಮ.

ಇನ್‌ಸ್ಟಾಲ್‌ಗೆ ಒಂದು ಮಾಸ್ಟರ್ ಮಷಿನ್ ಮಾಡಿ ಕ್ಲೋನ್‌ಝಿಲ್ಲಾದಲ್ಲಿ ಕಾಪಿ ಹೊಡಿತೀವಿ. ಕಾಪಿ ಆದ್ಮೇಲೆ ಎಲ್ಲದಕ್ಕೂ ಒಂದೇ ಹೆಸರು ಒಂದೇ ಮಷಿನ್ ಐಡಿ ಇರುತ್ತೆ, ಅದನ್ನ ಬದಲಾಯಿಸೋ ಒಂದು ಚಿಕ್ಕ ಸ್ಕ್ರಿಪ್ಟನ್ನ ಸಾಫ್ಟ್‌ವೇರಿನವರೊಬ್ರು ಬರೆದುಕೊಟ್ಟಿದಾರೆ. ಮಾಸ್ಟರಲ್ಲಿ ಲಿಬ್ರೆಆಫೀಸ್, ಜಿಯೋಜೀಬ್ರಾ, ಸ್ಕ್ರ್ಯಾಚ್, ಜಿಕಾಂಪ್ರಿ, ಟಕ್ಸ್ ಪೇಂಟ್, ಕೀವಿಕ್ಸಲ್ಲಿ ಆಫ್‌ಲೈನ್ ಕನ್ನಡ ವಿಕಿಪೀಡಿಯ. ಇಂಟರ್ನೆಟ್ ಇಲ್ಲದ ಶಾಲೆಗೆ ಕೊನೇದು ದೊಡ್ಡ ಆಸರೆ.

ಕನ್ನಡದ ಬಗ್ಗೆ ನಾನು ಸ್ವಲ್ಪ ಹಟ ಮಾಡ್ತೀನಿ. ಮೆನು ಕನ್ನಡದಲ್ಲಿ ಇದ್ರೆ ಸಾಲ್ದು, ಟೈಪ್ ಆಗ್ಬೇಕು, ಅದೂ ಮೇಷ್ಟ್ರ ಬೆರಳಿಗೆ ಗೊತ್ತಿರೋ ಹಾಗೆ. ಅವರು ಮೊದ್ಲು ಕೇಳೋದೇ "ನುಡಿ ಇದೆಯಾ?" ಅಂತ. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಅಂತ ಒಂದು ಲೇಔಟ್ ಇದೆ, ಅದು ನುಡಿಯಲ್ಲಿ ಅಭ್ಯಾಸ ಆದ ಅದೇ ಕೀಲಿಗಳು, ಒತ್ತಕ್ಷರಕ್ಕೆ ಎಫ್ ಒತ್ತೋದು ಸೇರಿ. ಪಾಸ್ ಹಾಕೋರು ಪ್ರತಿ ಮಷಿನ್‌ನಲ್ಲೂ ಸ್ವಾತಂತ್ರ್ಯ, ಸೂರ್ಯ, ಶ್ರೀರಂಗಪಟ್ಟಣ ಅಂತ ಮೂರು ಪದ ಟೈಪ್ ಮಾಡಿ ಸೇವ್ ಮಾಡಿ ತೆರೆದು ನೋಡ್ಲೇಬೇಕು. ಒತ್ತು, ಅರ್ಕಾವತ್ತು ನೆಟ್ಟಗೆ ಬಂದ್ರೆ ಫಾಂಟು ಲೇಔಟು ಎರಡೂ ಸರಿ. ಹಳೇ ನುಡಿ ಫಾಂಟಲ್ಲಿ ಮಾಡಿಟ್ಟಿರೋ ಪ್ರಶ್ನೆಪತ್ರಿಕೆ ಫೈಲುಗಳು ಮಾತ್ರ ಹಂಗೇ ತೆಗೆದ್ರೆ ಅರ್ಥವಿಲ್ಲದ ಅಕ್ಷರ ಕಾಣುತ್ತೆ, ಅವು ಯೂನಿಕೋಡ್ ಅಲ್ಲ, ಕನ್ವರ್ಟ್ ಮಾಡ್ಬೇಕು, ಅದನ್ನ ಕೊಡೋವಾಗಲೇ ಕೂತು ತೋರಿಸಿಕೊಡ್ತೀವಿ. ನಮ್ಮ ಇಬ್ರು ಅಮ್ಮಂದಿರಲ್ಲಿ ಒಬ್ರು ಮೊದ್ಲು ಡಿಟಿಪಿ ಕೆಲಸ ಮಾಡ್ತಿದ್ದೋರು, ಈ ಕನ್ನಡ ಟೆಸ್ಟ್ ಅವರ ಕೈಲಿದೆ, ಅವರ ಕಣ್ಣಿಗೆ ಒಂದು ದೀರ್ಘ ತಪ್ಪಿದ್ರೂ ಕಾಣುತ್ತೆ.

ಕೊನೇ ಟೆಸ್ಟ್ ಎಲ್ಲರಿಗೂ ಇಷ್ಟ. ಓಡ್ತಿರೋ ಮಷಿನ್‌ನ ಪ್ಲಗ್‌ನ ಗೋಡೆಯಿಂದ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ಆನ್ ಮಾಡೋದು. ಏಳಬೇಕು, ಡೇಟ್ ಸರಿ ಇರಬೇಕು, ಮೂರು ಪದದ ಫೈಲ್ ತೆರೆಯಬೇಕು. ಶಾಲೆಯಲ್ಲಿ ಯುಪಿಎಸ್ ಬ್ಯಾಟರಿ ಹೋದ್ಮೇಲೆ ಆಗೋದು ಇದೇ ಅಲ್ವಾ, ಇಲ್ಲೇ ಆಗ್ಲಿ. ಈ ಲಾಟಲ್ಲಿ ಇದರಲ್ಲಿ ಬಿದ್ದ ಮಷಿನ್ ಒಂದು ಇತ್ತು, ಅದರ ಪವರ್ ಬಟನ್ ಸ್ವಿಚ್ಚೇ ಒಳಗೆ ಅಂಟ್ಕೊಳ್ತಿತ್ತು, ಬೇಡ ಅಂದ ಕೋರ್ 2 ಡ್ಯುಯೊದ ಬಟನ್ ಅದಕ್ಕೆ ಬಂತು.

ಶಾಲೆಗೆ ಮಷಿನ್‌ಗಿಂತ ಮೊದ್ಲು ಹೋಗೋದು ನಾನು, ಯಜಮಾನ್ರು, ಒಂದಿಬ್ರು ಹುಡುಗ್ರು, ಮಲ್ಟಿಮೀಟರು. ಮಾಗಡಿ ಕಡೆಯ ಒಂದು ಹೈಸ್ಕೂಲು ಈ ಸಲದ್ದು. ರೂಮು ಚೆನ್ನಾಗಿದೆ, ಟೇಬಲ್ ಇದೆ, ಹೆಡ್‌ಮಾಸ್ಟರ್ರಿಗೆ ನಿಜವಾದ ಆಸೆ ಇದೆ. ಸಾಕೆಟಲ್ಲಿ ಫೇಸಿಂದ ನ್ಯೂಟ್ರಲ್‌ಗೆ 230ರ ಹತ್ರ ಬಂತು, ಫೇಸಿಂದ ಅರ್ತಿಂಗಿಗೆ ನೋಡಿದ್ರೆ ಹುಚ್ಚುಚ್ಚಾಗಿ ಓಡಾಡ್ತಿದೆ. ಅರ್ತ್ ಪಿನ್ನಿನ ವೈರು ಬೋರ್ಡ್ ತನಕ ಬಂದು ಅಲ್ಲೇ ನಿಂತಿದೆ, ಹೊರಗೆ ಅರ್ತಿಂಗ್ ಗುಂಡಿನೇ ಇಲ್ಲ. ಹಿಂಗಿದ್ದಾಗ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಕ್ಯಾಬಿನೆಟ್ ಮೇಲೆ ಮೇನ್ಸಿನ ಅರ್ಧದಷ್ಟು ವೋಲ್ಟೇಜ್ ಕೂರುತ್ತೆ, ಕರೆಂಟ್ ತುಂಬಾ ಕಮ್ಮಿ, ಆದ್ರೆ ಬರಿಗಾಲಲ್ಲಿ ನಿಂತ ಮಗು ಮುಟ್ಟಿದ್ರೆ ಜುಮ್ ಅನ್ನುತ್ತೆ. ಒಂದ್ಸಲ ಹಂಗಾದ್ರೆ ಆ ಮಗು ಮತ್ತೆ ಕಂಪ್ಯೂಟರ್ ಮುಟ್ಟಲ್ಲ, ಇನ್ಸುಲೇಷನ್ ಹೋಗಿರೋ ಮಷಿನ್ ಆದ್ರೆ ಅದು ಜುಮ್‌ಗೆ ನಿಲ್ಲೋದೂ ಇಲ್ಲ. ಗಾಡಿ ಮಾತಾಡಿ ಆಗಿತ್ತು, ಊರಿನವ್ರು ಕಾಯ್ತಿದ್ರು, ಆದ್ರೂ ಅರ್ತಿಂಗ್ ಆಗೋ ತನಕ ಮಷಿನ್ ಇಳಿಸಲ್ಲ ಅಂತ ಹೇಳಿದ್ವಿ. ಹೆಡ್‌ಮಾಸ್ಟರಿಗೆ ಮೊದ್ಲು ಬೇಜಾರಾಯ್ತು. ಯಜಮಾನ್ರು ಅವರನ್ನ ಕರ್ಕೊಂಡು ಹೋಗಿ ಮೀಟರ್ ತೋರಿಸಿ, "ಸ್ವಾಮಿ, ನಮ್ಮ ಮನೆ ಮಕ್ಕಳಾದ್ರೆ ಏನ್ ಮಾಡ್ತಿದ್ವಿ ಹೇಳಿ" ಅಂದ್ರು. ಎಸ್‌ಡಿಎಂಸಿಯವ್ರು ಅಂದ್ರೆ ಶಾಲಾಭಿವೃದ್ಧಿ ಸಮಿತಿಯವ್ರು, ಊರಿನ ಎಲೆಕ್ಟ್ರೀಷಿಯನ್ ಹಿಡಿದು ಗುಂಡಿ ತೋಡಿಸಿ, ಪೈಪು ಇದ್ದಿಲು ಉಪ್ಪು ಹಾಕಿ ಅರ್ತಿಂಗ್ ಮಾಡಿಸಿದ್ರು, ಆಮೇಲೆ ಮತ್ತೆ ಅಳೆದು ನೋಡಿ ಮಷಿನ್ ಇಳಿಸಿದ್ವಿ.

ಕಾರ್ಡ್‌ಗಳ ಫೋಟೋ ನಮ್ಮ ಹತ್ರ, ಕಾರ್ಡ್ ಮಾತ್ರ ಮಷಿನ್ ಜೊತೆಗೇ ಶಾಲೆಯಲ್ಲಿ. ಎರಡು ಮಷಿನು, ಎರಡು ಕೀಬೋರ್ಡು, ಒಂದು ಕವರಲ್ಲಿ ಬ್ಯಾಟರಿ, ಇಷ್ಟು ಸ್ಪೇರ್ ಬೀರುವಿನಲ್ಲಿ ಇಟ್ಟು ಬಂದಿದೀವಿ. ಯಾವ ಮಷಿನ್ ಕೆಟ್ರೂ ಬಿಚ್ಚೋಕೆ ಹೋಗ್ಬೇಡಿ, ಪಕ್ಕಕ್ಕಿಟ್ಟು ಸ್ಪೇರ್ ಹಾಕ್ಕೊಳ್ಳಿ, ಕಾರ್ಡಲ್ಲಿ ಏನಾಯ್ತು ಅಂತ ಒಂದು ಸಾಲು ಬರೀರಿ ಅಂತ ಮೇಷ್ಟ್ರಿಗೂ ಇಬ್ರು 9ನೇ ಕ್ಲಾಸ್ ಮಕ್ಕಳಿಗೂ ಹೇಳಿಕೊಟ್ಟಿದೀವಿ.

ವರ್ಕ್‌ಶಾಪಲ್ಲಿ ಉಳಿದಿದ್ದು ಗುಜರಿ ಡ್ರಮ್ಮುಗಳು. ಇ-ತ್ಯಾಜ್ಯ ನಿಯಮ 2022, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ರಿಜಿಸ್ಟರ್ ಆಗಿರೋ ರೀಸೈಕ್ಲರಿಗೇ ಕೊಡ್ಬೇಕು, ತೂಕದ ಚೀಟಿ ಇಸ್ಕೊಂಡು ಫೈಲ್ ಮಾಡ್ತೀವಿ. ಬೀದಿ ಗುಜರಿಯವರು ಕಾಸು ಜಾಸ್ತಿ ಕೊಡ್ತೀನಿ ಅಂತಾರೆ, ಅಲ್ಲಿ ಹೋದ ಬೋರ್ಡು ಯಾವುದೋ ಶೆಡ್ಡಲ್ಲಿ ಆಸಿಡ್ಡಿಗೆ ಬೀಳುತ್ತೆ, ಅದನ್ನ ಮಾಡೋದೂ ಯಾರದೋ ಮನೆ ಹುಡುಗ್ರೇ.

ಮುಂದಿನ ಲಾಟ್ ಲ್ಯಾಪ್‌ಟಾಪುಗಳು. ಬ್ಯಾಟರಿ ಉಬ್ಬಿರೋವು ಅದರಲ್ಲಿ ಇದ್ದೇ ಇರ್ತವೆ, ಟಚ್‌ಪ್ಯಾಡ್ ಮೇಲಕ್ಕೆ ಎದ್ದಿದ್ರೆ ಒಳಗೆ ಬ್ಯಾಟರಿ ಉಬ್ಬಿದೆ ಅಂತಲೇ ಅಂದ್ಕೋಬೇಕು. ಮರಳಿನ ಬಕೆಟ್ ಅಂಗಳದಲ್ಲಿ ಇಟ್ಟಾಗಿದೆ, ಪ್ಲಾಸ್ಟಿಕ್ ಪ್ರೈ ಟೂಲ್ ತರೋಕೆ ಇಬ್ರು ಎಸ್.ಪಿ. ರೋಡಿಗೆ ಹೋಗಿದಾರೆ. ಬ್ಯಾಟರಿ ಟೇಬಲ್ಲಿಗೆ ಯಜಮಾನ್ರು ಮತ್ತು ಅವರೇ ಆರಿಸಿದ ಒಬ್ರು ಬಿಟ್ಟು ಇನ್ಯಾರೂ ಕೂರಲ್ಲ, ಅಷ್ಟು ಈಗಲೇ ಬೋರ್ಡ್ ಮೇಲೆ ಬರೆದಾಗಿದೆ.